ಎಷ್ಟು ಸಲ ಉಲ್ಲೇಖ ಎಂಬುದಷ್ಟೇ ಸುದ್ದಿಯೇ?

ಸಂಪಾದಕರಿಗೆ,

ಮಾನ್ಯರೇ,

ನರವಿಜ್ಞಾನ ಸಂಶೋಧಕರೊಬ್ಬರ ಸಾಧನೆಯ ಬಗ್ಗೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಚೆಗೆ ಬಂದ ವರದಿಯನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ಕಡೆಯವರೊಬ್ಬರು ಮಿದುಳಿನಂಥ ಕಠಿಣ ವಿಷಯದಲ್ಲಿ ಹೆಸರು ಮಾಡಿದ್ದಾರೆಂದರೆ ಯಾರಿಗೆ ತಾನೇ ಹೆಮ್ಮೆಯಾಗದು? ಆದರೆ ವರದಿಯನ್ನು ಎರಡನೆಯ ಸಲ ಓದಿದಾಗ ಒಂದು ಕೊರತೆ ಕಣ್ಣಿಗೆ ಬಿತ್ತು. ಅವರು ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ, ಅವು ಬೇರೆ ಪ್ರಬಂಧಗಳಲ್ಲಿ ಎಷ್ಟು ಸಾವಿರ ಸಲ ಉಲ್ಲೇಖಗೊಂಡಿವೆ, ಆ ಉಲ್ಲೇಖಗಳಿಂದ ಲೆಕ್ಕ ಹಾಕುವ ಅವರ ಎಚ್-ಇಂಡೆಕ್ಸ್ ಎಂಬ ಅಂಕಿ ಎಷ್ಟು, ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೇ ಬಾರಿಗೆ ಸೇರಿದೆ ಎಂಬುದೆಲ್ಲ ಅಲ್ಲಿತ್ತು. ಮಿದುಳಿನ ಬಗ್ಗೆ ಅವರು ಕಂಡುಕೊಂಡದ್ದೇನು ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಇದು ಆ ಸಂಶೋಧಕರ ತಪ್ಪಲ್ಲ. ವರದಿಗಾರರನ್ನೂ ದೂರುವಂತಿಲ್ಲ, ಏಕೆಂದರೆ ಸಂಸ್ಥೆಗಳು ಕಳುಹಿಸುವ ಪತ್ರಿಕಾ ಪ್ರಕಟಣೆಗಳೇ ಹಾಗಿರುತ್ತವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಶೋಧನಾ ಗ್ರಂಥಾಲಯದಲ್ಲಿ ಕೆಲಸ ಮಾಡಿ ಇಂಥ ಲೆಕ್ಕಗಳನ್ನು ನನ್ನ ಕೈಯಾರೆ ತೆಗೆದುಕೊಟ್ಟಿದ್ದೇನೆ. ಆ ಅಂಕಿಗಳ ಹಿಂದೆ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಓದುಗರ ಗಮನಕ್ಕೆ ತರುವುದಕ್ಕಾಗಿ ಈ ಪತ್ರ.

ಉಲ್ಲೇಖಗಳನ್ನು ಪಟ್ಟಿಗಟ್ಟುವ ಪದ್ಧತಿಯನ್ನು ವಿಜ್ಞಾನಿಗಳು ಕಲಿತದ್ದು ವಕೀಲರಿಂದ. ಅಮೆರಿಕದಲ್ಲಿ 1873ರಿಂದಲೇ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಸೂಚಿ ಇತ್ತು. ಒಂದು ತೀರ್ಪನ್ನು ನಂತರದ ನ್ಯಾಯಾಲಯಗಳು ಎಲ್ಲೆಲ್ಲಿ ಪ್ರಸ್ತಾಪಿಸಿದವು ಎಂಬುದರ ಜೊತೆಗೆ, ಅದನ್ನು ಎತ್ತಿಹಿಡಿದವೇ, ಪ್ರಶ್ನಿಸಿದವೇ, ತಳ್ಳಿಹಾಕಿದವೇ ಎಂಬುದನ್ನೂ ಅದು ಗುರುತು ಹಾಕಿ ತೋರಿಸುತ್ತಿತ್ತು. ತಳ್ಳಿಹಾಕಿದ ತೀರ್ಪನ್ನು ನಂಬಿಕೊಂಡು ವಾದಕ್ಕೆ ನಿಂತರೆ ವಕೀಲನ ಗತಿ ಏನಾದೀತೆಂದು ಹೇಳಬೇಕಾಗಿಲ್ಲ. ಯೂಜೀನ್ ಗಾರ್ಫೀಲ್ಡ್ ಎಂಬುವರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ವಿಜ್ಞಾನಕ್ಕೂ ಇಂಥದೊಂದು ಸೂಚಿ ಬೇಕು ಎಂದು ವಾದಿಸಿದರು. ಮೋಸದ, ಅಪೂರ್ಣವಾದ, ಹಳತಾಗಿಹೋದ ಮಾಹಿತಿಯನ್ನು ವಿಮರ್ಶೆಯಿಲ್ಲದೆ ಉಲ್ಲೇಖಿಸುವುದು ನಿಲ್ಲಬೇಕು, ಒಂದು ಪ್ರಬಂಧದ ಬಗ್ಗೆ ಮುಂದೆ ಬಂದ ಟೀಕೆಗಳು ಓದುವವನಿಗೆ ಗೊತ್ತಾಗಬೇಕು ಎಂಬುದು ಅವರು ಮುಂದಿಟ್ಟ ಮೊದಲ ಕಾರಣ. 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂತು. ಆದರೆ ಎತ್ತಿಹಿಡಿದದ್ದಕ್ಕೂ ತಳ್ಳಿಹಾಕಿದ್ದಕ್ಕೂ ವಕೀಲರ ಪುಸ್ತಕದಲ್ಲಿದ್ದ ಗುರುತು ವಿಜ್ಞಾನಿಗಳ ಪುಸ್ತಕಕ್ಕೆ ಬರಲಿಲ್ಲ. ಹೊಗಳಿದರೂ ಒಂದು, ತೆಗಳಿದರೂ ಒಂದು. ಇಂದು ಸಾವಿರಗಟ್ಟಲೆ ಎಂದು ನಾವು ಓದುವ ಉಲ್ಲೇಖಗಳೆಲ್ಲ ಹೀಗೆ ಕೂಡಿಸಿದ ಒಂದುಗಳೇ.

ಆ ಇಂಡೆಕ್ಸ್‌ನ ಸಂಪುಟಗಳನ್ನು ಇಂದಿನ ಸಂಶೋಧನಾ ವಿದ್ಯಾರ್ಥಿಗಳು ನೋಡಿರಲಾರರು. ಪಂಚಾಂಗದ ಕಾಗದದಷ್ಟು ತೆಳುವಾದ ಹಾಳೆ, ಅದರ ಮೇಲೆ ಸಾಸಿವೆ ಚೆಲ್ಲಿದಂಥ ಅಕ್ಷರ. ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು, ಭೂತಗನ್ನಡಿ ಹಿಡಿದು ಓದಬೇಕಿತ್ತು. 1990ರ ದಶಕದಲ್ಲಿ ಸಂಶೋಧಕಿಯೊಬ್ಬರು ಬಡ್ತಿಯ ಸಂದರ್ಶನಕ್ಕೆ ತಮ್ಮ ಉಲ್ಲೇಖಗಳ ಲೆಕ್ಕ ಬೇಕೆಂದು ನನ್ನಲ್ಲಿಗೆ ಬಂದರು. ಅರ್ಜಿಯಲ್ಲಿದ್ದ ಹೆಸರನ್ನು ಹುಡುಕಿದರೆ ಸಿಕ್ಕಿದ್ದು ಕೈಬೆರಳಲ್ಲಿ ಎಣಿಸುವಷ್ಟು ಮಾತ್ರ. ಕಾರಣ ಸರಳವಾಗಿತ್ತು. ಅವರ ಮೊದಲ ಪ್ರಬಂಧಗಳಲ್ಲಿ ನಮ್ಮ ಪದ್ಧತಿಯಂತೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮೊದಲು ಬಂದು ಸ್ವಂತ ಹೆಸರು ಆಮೇಲೆ ಬಂದಿತ್ತು. ಒಂದು ವಿದೇಶಿ ಜರ್ನಲ್ ಆ ಅಕ್ಷರವನ್ನು ಬಿಡಿಸಿ ತಂದೆಯ ಹೆಸರನ್ನೇ ಕುಲನಾಮ ಮಾಡಿತ್ತು. ಮದುವೆಯ ನಂತರ ಅವರೇ ಗಂಡನ ಹೆಸರನ್ನು ಸೇರಿಸಿಕೊಂಡಿದ್ದರು. ಇಂಡೆಕ್ಸ್‌ನ ಪಾಲಿಗೆ ಅವರು ಮೂರು ಜನ. ಎರಡು ದಿನ ಕೂತು ಮೂವರನ್ನೂ ಒಂದುಗೂಡಿಸಿ ಹಾಳೆಯೊಂದರಲ್ಲಿ ಬರೆದುಕೊಟ್ಟೆ. ಸಮಿತಿ ಅದನ್ನು ಒಪ್ಪಲಿಲ್ಲವಂತೆ. ಅರ್ಜಿಯಲ್ಲಿರುವ ಹೆಸರಿನ ಕೆಳಗೆ ಎಷ್ಟಿದೆಯೋ ಅಷ್ಟೇ ಲೆಕ್ಕ ಎಂದರಂತೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಕೊಡುವ ಹದಿನಾರು ಅಂಕಿಗಳ ಆರ್ಕಿಡ್ ಸಂಖ್ಯೆ ಎಂಬ ವ್ಯವಸ್ಥೆ 2012ರಲ್ಲಿ ಬಂದ ಮೇಲೆ ಈ ತೊಂದರೆ ಎಷ್ಟೋ ಕಡಿಮೆಯಾಗಿದೆ ನಿಜ, ಆದರೂ ಕುಲನಾಮವಿಲ್ಲದ ದಕ್ಷಿಣದವರ ಹೆಸರುಗಳಲ್ಲಿ ಒಬ್ಬರ ಪ್ರಬಂಧ ಇನ್ನೊಬ್ಬರ ಖಾತೆಗೆ ಜಮೆಯಾಗುವುದು ಇನ್ನೂ ಪೂರ್ತಿ ನಿಂತಿಲ್ಲ.

ಆ ಸಂಪುಟಗಳಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಉಲ್ಲೇಖಗೊಂಡ ಪ್ರಬಂಧವನ್ನು ಅದರ ಮೊದಲ ಲೇಖಕರ ಹೆಸರಿನಡಿ ಮಾತ್ರ ಹಾಕುತ್ತಿದ್ದರು. ಇದರ ಪರಿಣಾಮ ಏನೆಂಬುದನ್ನು ನರವಿಜ್ಞಾನದ್ದೇ ಒಂದು ಹೆಸರಾಂತ ಉದಾಹರಣೆಯಿಂದ ತಿಳಿಯಬಹುದು. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1953ರಲ್ಲಿ ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್ ಅವರು ತೀವ್ರ ಅಪಸ್ಮಾರದಿಂದ ಬಳಲುತ್ತಿದ್ದ 27 ವರ್ಷದ ಯುವಕನೊಬ್ಬನ ಮಿದುಳಿನ ಎರಡೂ ಬದಿಗಳಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಒಳಭಾಗದ ಬಹುಪಾಲನ್ನು ತೆಗೆದರು. ಸೆಳವು ಕಡಿಮೆಯಾಯಿತು, ಆದರೆ ಅಂದಿನಿಂದ ಆತನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಬದುಕಿರುವವರೆಗೆ ಎಚ್.ಎಂ. ಎಂಬ ಎರಡಕ್ಷರದಿಂದಷ್ಟೇ ಜಗತ್ತಿಗೆ ಪರಿಚಿತನಾಗಿದ್ದ ಆ ರೋಗಿಯನ್ನು ಮಾಂಟ್ರಿಯಲ್‌ನಿಂದ ಹೋಗಿ ಕೂತು, ಮಾತನಾಡಿಸಿ, ಪರೀಕ್ಷಿಸಿದವರು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವ ಕೆಲಸವನ್ನು ಅವರು ಆತನಿಗೆ ಕೊಟ್ಟರು. ಮೂರು ದಿನಗಳಲ್ಲಿ ಆತನ ಕೈ ಪಳಗಿತು, ಆದರೆ ಪ್ರತಿ ದಿನವೂ ಆತನಿಗೆ ಅದು ಹೊಸ ಕೆಲಸವೇ. ಹಿಂದೆ ಮಾಡಿದ ನೆನಪೇ ಇರಲಿಲ್ಲ. ನೆನಪು ಎಂಬುದು ಒಂದೇ ಬಗೆಯದಲ್ಲ, ಕೈಗೆ ಬರುವ ಅಭ್ಯಾಸಕ್ಕೂ ಘಟನೆಗಳ ಸ್ಮರಣೆಗೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳಿವೆ ಎಂಬ ತಿಳಿವಳಿಕೆಗೆ ಇಂಥ ಪರೀಕ್ಷೆಗಳೇ ತಳಪಾಯ. ಸ್ಕೊವಿಲ್ ಮತ್ತು ಮಿಲ್ನರ್ 1957ರಲ್ಲಿ ಒಟ್ಟಾಗಿ ಪ್ರಕಟಿಸಿದ ಪ್ರಬಂಧ ಸಾವಿರಾರು ಸಲ ಉಲ್ಲೇಖಗೊಂಡಿದೆ. ನಮ್ಮ ಗ್ರಂಥಾಲಯದ ಸಂಪುಟದಲ್ಲಿ ಮಿಲ್ನರ್ ಎಂದು ಹುಡುಕಿದರೆ ಅದು ಸಿಗುತ್ತಿರಲಿಲ್ಲ, ಸ್ಕೊವಿಲ್ ಎಂದೇ ಹುಡುಕಬೇಕಿತ್ತು.

ಇನ್ನು ಎಚ್-ಇಂಡೆಕ್ಸ್. ಸ್ಯಾನ್ ಡಿಯೇಗೋದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಈ ಲೆಕ್ಕ ಕಷ್ಟದ್ದೇನಲ್ಲ. ಒಬ್ಬರ ಪ್ರಬಂಧಗಳಲ್ಲಿ 20 ಪ್ರಬಂಧಗಳಿಗೆ ಕನಿಷ್ಠ ತಲಾ 20 ಉಲ್ಲೇಖಗಳಿದ್ದು, 21 ಪ್ರಬಂಧಗಳಿಗೆ ತಲಾ 21 ಇಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ 20. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಅದಕ್ಕೆ ಹತ್ತು ಸಾವಿರ ಉಲ್ಲೇಖ ಬಂದರೂ ಎಚ್-ಇಂಡೆಕ್ಸ್ 1ನ್ನು ದಾಟುವುದಿಲ್ಲ. ವಯಸ್ಸಾದಂತೆ ಅದು ಏರಬಹುದೇ ಹೊರತು ಇಳಿಯುವ ಪ್ರಶ್ನೆಯೇ ಇಲ್ಲ. ಸಂಶೋಧಕರು ನಿವೃತ್ತರಾದ ಮೇಲೂ ಏರುತ್ತಲೇ ಇರಬಹುದು.

ಈ ಅಳತೆಯಲ್ಲಿ ನರವಿಜ್ಞಾನದ ಶಿಖರದಲ್ಲಿರುವವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕಾರ್ಲ್ ಫ್ರಿಸ್ಟನ್. ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಎಂಬ ಜಾಲತಾಣದ ಪ್ರಕಾರ ಅವರ ಎಚ್-ಇಂಡೆಕ್ಸ್ 250ನ್ನು ದಾಟಿದೆ. ಇಷ್ಟನ್ನೇ ಬರೆದು ಬಿಟ್ಟರೆ ಓದುಗರು ಬೆರಗಾಗಿ ಪುಟ ತಿರುವಿಬಿಡುತ್ತಾರೆ. ನಿಜವಾದ ಸ್ವಾರಸ್ಯ ಇರುವುದು ಆ ಸಂಖ್ಯೆ ಹೇಗೆ ಬಂತು ಎಂಬುದರಲ್ಲಿ. ಮನೋವೈದ್ಯರಾಗಿ ತರಬೇತಿ ಪಡೆದ ಫ್ರಿಸ್ಟನ್ 1990ರ ದಶಕದ ಆರಂಭದಲ್ಲಿ ಮಿದುಳಿನ ಸ್ಕ್ಯಾನ್‌ಗಳನ್ನು ಸಂಖ್ಯಾಶಾಸ್ತ್ರದ ಮೂಲಕ ವಿಶ್ಲೇಷಿಸುವ ಎಸ್‌ಪಿಎಂ ಎಂಬ ತಂತ್ರಾಂಶವನ್ನು ರೂಪಿಸಿದರು. ಸ್ಕ್ಯಾನ್‌ನಲ್ಲಿ ಮಿದುಳು ಸಾವಿರಾರು ಸಣ್ಣ ಸಣ್ಣ ಘನಗಳಾಗಿ ಒಡೆದು ಕಾಣುತ್ತದೆ; ವ್ಯಕ್ತಿ ಓದುವಾಗ, ಬೆರಳಾಡಿಸುವಾಗ, ಹೆದರಿದಾಗ ಅವುಗಳಲ್ಲಿ ಯಾವ ಘನದ ಸಂಕೇತ ಕಾಕತಾಳೀಯಕ್ಕಿಂತ ಹೆಚ್ಚಾಗಿ ಬದಲಾಯಿತು ಎಂಬುದನ್ನು ಒಂದೊಂದನ್ನೂ ಪರೀಕ್ಷಿಸಿ ಹೇಳುವ ವಿಧಾನ ಅದು. ಅದನ್ನು ಅವರ ಗುಂಪು ಜಗತ್ತಿಗೆಲ್ಲ ಉಚಿತವಾಗಿ ಹಂಚಿತು. ಎಸ್‌ಪಿಎಂ ಬಳಸಿದವರು ತಮ್ಮ ಪ್ರಬಂಧದಲ್ಲಿ ಫ್ರಿಸ್ಟನ್ ಅವರ ಪ್ರಬಂಧವನ್ನು ಉಲ್ಲೇಖಿಸುವುದು ವಾಡಿಕೆ. ಅವರ ಉಲ್ಲೇಖಗಳಲ್ಲಿ ದೊಡ್ಡ ಪಾಲು ಹೀಗೆ ಬಂದದ್ದು: ಊರಿಗೆಲ್ಲ ಕೊಳಗ ಮಾಡಿಕೊಟ್ಟವನ ಹೆಸರು ಅಳೆದ ಪ್ರತಿ ರಾಶಿಯಲ್ಲೂ ಬಂದಂತೆ. ಇದು ಅವರ ಹೆಚ್ಚುಗಾರಿಕೆಯನ್ನು ಕುಗ್ಗಿಸುವ ಮಾತಲ್ಲ. ಆ ಕೊಳಗವಿಲ್ಲದೆ ಒಂದು ಇಡೀ ಕ್ಷೇತ್ರ ನಡೆಯುತ್ತಿರಲಿಲ್ಲ. ಆದರೆ ಮಿದುಳು ತನ್ನ ನಿರೀಕ್ಷೆಗೂ ಅನುಭವಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡಿಕೊಳ್ಳಲು ಸದಾ ಹೆಣಗುತ್ತದೆ ಎಂಬ ಅವರ ಇನ್ನೊಂದು ಸಿದ್ಧಾಂತದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಜಗ್ಗಾಟವಿದೆ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದವರಿಗೆ ತಂತ್ರಾಂಶಕ್ಕೆ ಸಂದದ್ದು ಯಾವುದು, ಸಿದ್ಧಾಂತಕ್ಕೆ ಸಂದದ್ದು ಯಾವುದು ಎಂದು ತಿಳಿಯುವುದಿಲ್ಲ.

ಇದಕ್ಕಿಂತ ಹಳೆಯ ಉದಾಹರಣೆ ಆಲಿವರ್ ಲೌರಿ ಅವರದು. ದ್ರಾವಣವೊಂದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನದ ಬಗ್ಗೆ ಅವರು ಸಂಗಡಿಗರೊಂದಿಗೆ 1951ರಲ್ಲಿ ಬರೆದ ಪ್ರಬಂಧ ಮೂರು ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಗೊಂಡು ವಿಜ್ಞಾನದ ಇತಿಹಾಸದಲ್ಲೇ ಮೊದಲ ಸ್ಥಾನ ಪಡೆದಿದೆ. ಅದು ಮಹತ್ತರ ಪ್ರಬಂಧವೇನಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಮಿದುಳಿನ ಒಂದೇ ಒಂದು ನರಕೋಶವನ್ನು ಬಿಡಿಸಿ ತೆಗೆದು, ಕೂದಲಿಗಿಂತ ನವುರಾದ ಸ್ಫಟಿಕದ ಎಳೆಯ ತಕ್ಕಡಿಯಲ್ಲಿ ಅದನ್ನು ತೂಗಿ, ಅದರೊಳಗಿನ ರಾಸಾಯನಿಕಗಳನ್ನು ಅಳೆದವರು ಅವರು. ಎಷ್ಟು ಜನರಿಗೆ ಆ ಕೆಲಸ ಗೊತ್ತು?

ಹೆಚ್ಚು ಬಳಕೆಯಾದದ್ದೆಲ್ಲ ನಿರ್ದೋಷವಾದದ್ದು ಎಂದೂ ತಿಳಿಯಬಾರದು. 2016ರಲ್ಲಿ ಎಕ್ಲುಂಡ್, ನಿಕೋಲ್ಸ್ ಮತ್ತು ನುಟ್ಸನ್ ಎಂಬ ಮೂವರು, ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದ್ದ ಆರೋಗ್ಯವಂತರ ಸ್ಕ್ಯಾನ್‌ಗಳನ್ನು ಎಸ್‌ಪಿಎಂ ಸೇರಿ ಮೂರು ಪ್ರಸಿದ್ಧ ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಏನೂ ಇಲ್ಲದ ಕಡೆ ಏನೋ ಇದೆ ಎಂದು ಹೇಳುವ ಪ್ರಮಾಣ ಶೇ 5ನ್ನು ಮೀರಬಾರದಿತ್ತು. ಕೆಲವು ಬಗೆಯ ವಿಶ್ಲೇಷಣೆಯಲ್ಲಿ ಅದು ಶೇ 70ರವರೆಗೂ ಹೋಯಿತು. ಇದರಿಂದ ಸುಮಾರು 40,000 ಅಧ್ಯಯನಗಳೇ ಸಂದೇಹಕ್ಕೆ ಒಳಗಾಗುತ್ತವೆ ಎಂದು ಮೊದಲು ಬರೆದಿದ್ದ ಅವರು ನಂತರ ಆ ಮಾತು ಹೆಚ್ಚಾಯಿತೆಂದು ತಿದ್ದಿಕೊಂಡರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಮೊದಲನೆಯದು, ತಿದ್ದುಪಡಿಯಲ್ಲ. ತಂತ್ರಾಂಶವನ್ನು ಟೀಕಿಸುವ ಈ ಪ್ರಬಂಧವೂ ತಂತ್ರಾಂಶದ ಪ್ರಬಂಧಗಳನ್ನು ಉಲ್ಲೇಖಿಸಲೇಬೇಕಷ್ಟೆ. ಆ ಉಲ್ಲೇಖಗಳೂ ಅವುಗಳ ಖಾತೆಗೇ ಜಮೆ.

ಇನ್ನೂ ಗಂಭೀರವಾದದ್ದು ಆಲ್‌ಜೈಮರ್ ಎಂಬ ಮರೆವಿನ ಕಾಯಿಲೆಗೆ ಸಂಬಂಧಿಸಿದ ಪ್ರಕರಣ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಗುಂಪೊಂದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ, ಆ ರೋಗಿಗಳ ಮಿದುಳಿನಲ್ಲಿ ಕೂಡಿಕೊಳ್ಳುವ ಅಮೈಲಾಯ್ಡ್ ಪ್ರೋಟೀನಿನ ಒಂದು ನಿರ್ದಿಷ್ಟ ಗೊಂಚಲು ಇಲಿಗಳ ನೆನಪಿನ ಶಕ್ತಿಯನ್ನು ಕುಂದಿಸುತ್ತದೆ ಎಂದು ಸಾರಿತ್ತು. ಆ ಪ್ರಬಂಧದ ಚಿತ್ರಗಳನ್ನು ತಿದ್ದಿದಂತೆ ಕಾಣುತ್ತದೆ ಎಂಬ ಅನುಮಾನ 2022ರಲ್ಲಿ ‘ಸೈನ್ಸ್’ ಪತ್ರಿಕೆಯ ತನಿಖಾ ವರದಿಯ ಮೂಲಕ ಬಹಿರಂಗವಾಯಿತು. 2024ರಲ್ಲಿ ಪ್ರಬಂಧವನ್ನೇ ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಅದು ಎರಡು ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಾಗಿತ್ತು. ಹದಿನೆಂಟು ವರ್ಷ ಆ ಉಲ್ಲೇಖಗಳು ಎಷ್ಟು ಜನರ ಅರ್ಜಿಗಳಲ್ಲಿ, ಎಷ್ಟು ಅನುದಾನದ ಕಡತಗಳಲ್ಲಿ ಸಾಧನೆಯೆಂದು ಕೂತಿದ್ದವೋ! ಗಾರ್ಫೀಲ್ಡ್ 1955ರಲ್ಲಿ ತಪ್ಪಿಸಬೇಕೆಂದು ಬರೆದದ್ದು ಇಂಥದನ್ನೇ.

ಇದರ ಪಕ್ಕದಲ್ಲಿ ಒಂದು ಪುಟ್ಟ ಪ್ರಬಂಧವನ್ನು ಇಟ್ಟು ನೋಡಬೇಕು. 1971ರಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ಡೊಸ್ಟ್ರೊವ್‌ಸ್ಕಿ ‘ಬ್ರೈನ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟಿಸಿದ ಐದು ಪುಟಗಳ ಕಿರುವರದಿ ಅದು. ಓಡಾಡುತ್ತಿರುವ ಇಲಿಯ ಹಿಪ್ಪೊಕ್ಯಾಂಪಸ್‌ಗೆ ತೆಳು ತಂತಿ ಇಳಿಸಿ 76 ನರಕೋಶಗಳ ಸದ್ದು ಆಲಿಸಿದಾಗ, ಅವುಗಳಲ್ಲಿ 8 ಮಾತ್ರ ಇಲಿ ವೇದಿಕೆಯ ಒಂದು ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ದಿಕ್ಕಿಗೆ ಮುಖ ಮಾಡಿದ್ದಾಗ ಜೋರಾಗಿ ಮಿಡಿಯುತ್ತಿದ್ದವು. ಎಂಟೇ ಎಂಟು ಕೋಶ. ಇಲಿಯ ತಲೆಯೊಳಗೆ ಊರಿನ ನಕ್ಷೆ ಇದೆ ಎಂಬ ಮಾತು ಅಷ್ಟರಿಂದ ಶುರುವಾಯಿತು. ಇಂದಿನ ಸಂದರ್ಶನ ಸಮಿತಿಯೊಂದರ ಮುಂದೆ ಆ ಕಿರುವರದಿಯನ್ನು ಇಟ್ಟಿದ್ದರೆ, ಪ್ರಾಥಮಿಕ ಸಾಕ್ಷ್ಯ ಎಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡಿರುವ ಬರಹಕ್ಕೆ ಎಷ್ಟು ಅಂಕ ಸಿಗುತ್ತಿತ್ತೋ ನಾನರಿಯೆ. ಓಕೀಫ್ ಅವರಿಗೆ ನೊಬೆಲ್ ಬಂದದ್ದು 2014ರಲ್ಲಿ, 43 ವರ್ಷಗಳ ನಂತರ. ಅದೇ ವರ್ಷ ನರವಿಜ್ಞಾನಕ್ಕೆ ಕೊಡುವ ಕಾವ್ಲಿ ಪ್ರಶಸ್ತಿಯನ್ನು ಅವರೊಂದಿಗೆ ಹಂಚಿಕೊಂಡವರಲ್ಲಿ, ಆಗ 96ರ ಹರೆಯದಲ್ಲಿದ್ದ ಬ್ರೆಂಡಾ ಮಿಲ್ನರ್ ಕೂಡ ಇದ್ದರು.

ಶೇ 2ರ ಪಟ್ಟಿಯ ಬಗ್ಗೆಯೂ ಎರಡು ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಟ್ಟಿ ಎಂದೇ ನಮ್ಮಲ್ಲಿ ಅದು ಹೆಸರಾಗಿದೆ. ವಾಸ್ತವದಲ್ಲಿ ಅದು ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಎಲ್ಸ್‌ವೀರ್ ಪ್ರಕಾಶನದ ಸ್ಕೋಪಸ್ ಎಂಬ ಉಲ್ಲೇಖಕೋಶದ ಮಾಹಿತಿಯಿಂದ ಸಿದ್ಧಪಡಿಸುವ ದತ್ತಾಂಶ, ವಿಶ್ವವಿದ್ಯಾಲಯ ಕೊಡುವ ಬಿರುದಲ್ಲ. ಅದರಲ್ಲಿ ಎರಡು ಪಟ್ಟಿಗಳಿವೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ ಉಲ್ಲೇಖಗಳದ್ದು. ಯಾವ ಪಟ್ಟಿಯಲ್ಲಿ ಹೆಸರು ಬಂದಿದೆ ಎಂಬುದು ನಮ್ಮ ಪತ್ರಿಕೆಗಳ ವರದಿಗಳಲ್ಲಿ ಬಹುತೇಕ ಇರುವುದಿಲ್ಲ. ಪಟ್ಟಿ ಮಾಡಿದವರನ್ನು ಈ ವಿಷಯದಲ್ಲಿ ದೂರುವಂತಿಲ್ಲ: ಒಟ್ಟು ಸಂಖ್ಯೆಗೇ ಅವರು ತೃಪ್ತರಾಗದೆ, ಲೇಖಕ ಒಬ್ಬನೇ ಆಗಿದ್ದಾಗ, ಮೊದಲನೆಯವನಾಗಿದ್ದಾಗ, ಕೊನೆಯವನಾಗಿದ್ದಾಗ ಬಂದ ಉಲ್ಲೇಖಗಳನ್ನು ಬೇರೆಯಾಗಿಯೂ ಲೆಕ್ಕಕ್ಕೆ ತಂದಿದ್ದಾರೆ. ನರವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ನಡುವಿನ ನಲವತ್ತು ಹೆಸರುಗಳಲ್ಲಿ ಒಂದಾಗಿದ್ದರೆ ಅದರ ತೂಕವೇ ಬೇರೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡ ಪ್ರಮಾಣ ಶೇಕಡಾ ಎಷ್ಟು ಎಂಬ ಕಾಲಂ ಕೂಡ ಆ ಹಾಳೆಯಲ್ಲಿದೆ. 2024ರಿಂದ ಹಿಂತೆಗೆದ ಪ್ರಬಂಧಗಳ ಲೆಕ್ಕವನ್ನೂ ಸೇರಿಸಿದ್ದಾರೆ. ಹಾಳೆ ಎಲ್ಲರಿಗೂ ತೆರೆದಿದೆ. ವರದಿಗಾರರು ಹೆಸರಿನ ಸಾಲನ್ನು ಹುಡುಕಿ ಬಲಕ್ಕೆ ಸರಿಯುತ್ತ ಹೋದರೆ ಸಾಕು.

ಎಣಿಕೆಗೆ ಎಂದೂ ಸಿಗದ ಕೆಲಸವೂ ಈ ಕ್ಷೇತ್ರದಲ್ಲಿ ಬಹಳವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳಿನ ಅಂಗಾಂಶಗಳ ಭಂಡಾರವೊಂದಿದೆ. ಸಾವಿನ ಮನೆಯಲ್ಲಿ ಬಂಧುಗಳೊಂದಿಗೆ ಮಾತನಾಡಿ ಒಪ್ಪಿಗೆ ಪಡೆಯುವುದು, ಅಂಗಾಂಶವನ್ನು ಕೆಡದಂತೆ ಕಾಪಿಡುವುದು, ಯಾವ ರೋಗಿಯದು, ಯಾವ ಭಾಗದ್ದು ಎಂದು ದಾಖಲಿಸುವುದು, ಬೇಕೆಂದು ಕೇಳಿದ ಸಂಶೋಧಕರಿಗೆ ಕೊಡುವುದು, ಇವೆಲ್ಲ ಇಲ್ಲದೆ ಮಿದುಳಿನ ಕಾಯಿಲೆಗಳ ಅಧ್ಯಯನ ಮುಂದೆ ಸಾಗದು. ಇಂಥ ಭಂಡಾರಗಳಲ್ಲಿ ದುಡಿಯುವವರ ಹೆಸರು ಬಂದರೆ ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಿ ಬರುತ್ತದೆ; ಕೃತಜ್ಞತೆಯನ್ನು ಯಾವ ಇಂಡೆಕ್ಸೂ ಉಲ್ಲೇಖವೆಂದು ಎಣಿಸುವುದಿಲ್ಲ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತವೆ ಎಂಬ ಅಂಕಿ, ನೋಡಿ ಸಂಶೋಧಕರ ಯೋಗ್ಯತೆಯನ್ನು ನಿರ್ಧರಿಸಬಾರದು ಎಂದು 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ್ದ ವಿಜ್ಞಾನಿಗಳು, ಸಂಪಾದಕರು ಘೋಷಣೆ ಸಿದ್ಧಪಡಿಸಿದರು. ನಮ್ಮ ಯುಜಿಸಿ ಕೂಡ ಪಿಎಚ್.ಡಿ ಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಿರಲೇಬೇಕೆಂಬ ಕಡ್ಡಾಯವನ್ನು 2022ರ ನಿಯಮಗಳಲ್ಲಿ ಕೈಬಿಟ್ಟಿತು. ಸಂಖ್ಯೆಯ ಹಿಂದೆ ಓಡುವುದು ಅದರಿಂದ ನಿಂತಿದೆ ಎನ್ನಲಾರೆ, ಆದರೆ ಎಣಿಸುವವರಿಗೇ ಎಣಿಕೆಯ ಮೇಲೆ ಸಂಶಯ ಹುಟ್ಟಿರುವಾಗ ಪತ್ರಿಕೆಗಳು ಮಾತ್ರ ಅದನ್ನೇ ತಲೆಬರಹ ಮಾಡುವುದು ಸರಿ ಕಾಣುವುದಿಲ್ಲ.

ಉಲ್ಲೇಖದ ಸಂಖ್ಯೆಯನ್ನು ಅಚ್ಚು ಹಾಕಲೇಬೇಡಿ ಎಂದು ನಾನು ಕೇಳುತ್ತಿಲ್ಲ. ಸಂಶೋಧಕರ ಕೆಲಸ ಬೇರೆಯವರ ಬಳಕೆಗೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ, ಹಾಗೆಂದೇ ಇರಲಿ. ಸಂಖ್ಯೆ ಕೊಡುವಾಗ ಅದು ಸ್ಕೋಪಸ್‌ನದೋ ಗೂಗಲ್ ಸ್ಕಾಲರ್‌ನದೋ ಎಂದೂ ಹೇಳಲಿ, ಏಕೆಂದರೆ ಒಬ್ಬರದೇ ಲೆಕ್ಕ ಎರಡು ಕಡೆ ಬೇರೆ ಬೇರೆ ಇರುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು. ಅದರ ಜೊತೆಗೆ ವರದಿಗಾರರು ಸಂಶೋಧಕರಿಗೆ ಒಂದು ಫೋನ್ ಮಾಡಿ, ನಿಮ್ಮ ಪ್ರಬಂಧಗಳಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಯಾವುದು, ಅದರಲ್ಲಿ ನೀವು ಕಂಡದ್ದೇನು, ಅದನ್ನು ಒಪ್ಪದವರು ಏನೆನ್ನುತ್ತಾರೆ ಎಂದು ಕೇಳಿದರೆ, ಸಂತೋಷದಿಂದ ಹೇಳದ ಸಂಶೋಧಕರನ್ನು ನನ್ನ ಮೂವತ್ತು ವರ್ಷಗಳಲ್ಲಿ ನಾನು ಕಂಡಿಲ್ಲ. ಮೇಲೆ ಹೇಳಿದ ವರದಿಯಲ್ಲಿ ಬಂದ ಸಂಶೋಧಕರ ಕೆಲಸದ ಬಗ್ಗೆಯೂ ಅಂಥ ಇನ್ನೊಂದು ಬರಹ ತಮ್ಮ ಪತ್ರಿಕೆಯಲ್ಲಿ ಬರಲಿ ಎಂದು ಕೋರುತ್ತೇನೆ. ಎರಡು ಕಾಲಂ ಸಾಕು.

ಇತಿ ತಮ್ಮ ಓದುಗ,
ನಿವೃತ್ತ ಗ್ರಂಥಪಾಲಕ, ಮೈಸೂರು